ಚಕ್ರದ ಮೇಲಿನ ಮನೆಗೆ ಯಾವ ರಾಜ್ಯದ ವಿಳಾಸ?

ಇಂಟರ್ನ್‌ಶಿಪ್ ಅರ್ಜಿ ಆಗಲಿ, ಬ್ಯಾಂಕ್ ಫಾರಂ ಆಗಲಿ, ಎರಡು ಕಾಲಂ ಇದ್ದೇ ಇರುತ್ತೆ: ಈಗಿನ ವಿಳಾಸ, ಖಾಯಂ ವಿಳಾಸ. ಹಾಸ್ಟೆಲ್ಲಿನ ನಾವು ಮೊದಲನೆಯದಕ್ಕೆ ಬ್ಲಾಕು, ರೂಮ್ ನಂಬರ್ ಬರೀತೀವಿ, ಎರಡನೆಯದಕ್ಕೆ ಊರ ಮನೆ. ಆ ಎರಡನೆಯ ಕಾಲಂಗೆ ಬರೆಯೋಕೆ ಮನೆಯೇ ಇಲ್ಲದವರು ಏನು ಮಾಡ್ತಾರೆ?

ಸಂಘದಲ್ಲಿ 'ನೋಮ್ಯಾಡ್‌ಲ್ಯಾಂಡ್' ಸಿನಿಮಾ ನೋಡಿದ ಮೇಲೆ ಹುಟ್ಟಿದ ಪ್ರಶ್ನೆ ಇದು. ನೆವಾಡಾದ ಎಂಪೈರ್ ಅನ್ನೋ ಊರಲ್ಲಿ ಜಿಪ್ಸಮ್ ಹಲಗೆ ಕಾರ್ಖಾನೆ 2011ರಲ್ಲಿ ಮುಚ್ಚಿತು. ಊರು ಖಾಲಿಯಾಯ್ತು, ಅದರ ಜಿಪ್ ಕೋಡ್ ಕೂಡ ರದ್ದಾಯ್ತು. ಅಲ್ಲಿಂದ ಹೊರಟ ನಾಯಕಿ ವ್ಯಾನಲ್ಲೇ ಬದುಕ್ತಾಳೆ. ಅಮೆರಿಕದಲ್ಲಿ ಹೀಗೆ ವ್ಯಾನು, ಟ್ರೇಲರು, ಬಸ್ಸಿನಷ್ಟು ದೊಡ್ಡ ಮೋಟರ್‌ಹೋಮುಗಳಲ್ಲಿ ವರ್ಷಪೂರ್ತಿ ಇರುವವರಿಗೆ ಫುಲ್‌ಟೈಮರ್ ಅಂತಾರೆ. ಕೆಲಸ ಕಳಕೊಂಡವರೂ ಇದಾರೆ, ಕೋಟಿ ಬೆಲೆಯ ಗಾಡಿ ಕೊಂಡ ನಿವೃತ್ತರೂ ಇದಾರೆ. ಇಬ್ಬರಿಗೂ ತಲೆನೋವು ಒಂದೇ: ಕಾನೂನಿನ ಲೆಕ್ಕದಲ್ಲಿ ನಾನು ಯಾವ ರಾಜ್ಯದವನು?

ನಮ್ಮಲ್ಲಿ ಈ ಪ್ರಶ್ನೆ ಅಷ್ಟು ಚುಚ್ಚೋದಿಲ್ಲ. ಭಾರತದ ಪ್ರಜೆಗೆ ಇರೋದು ಒಂದೇ ಡೊಮಿಸೈಲ್, ಅದು ಭಾರತ ಅಂತ ಸುಪ್ರೀಂ ಕೋರ್ಟ್ 1984ರ ಪ್ರದೀಪ್ ಜೈನ್ ಪ್ರಕರಣದಲ್ಲೇ ಹೇಳಿದೆ. ಅಮೆರಿಕದಲ್ಲಿ ಹಾಗಲ್ಲ. ಡ್ರೈವಿಂಗ್ ಲೈಸೆನ್ಸು, ಗಾಡಿ ನೋಂದಣಿ, ಮತಪಟ್ಟಿ, ಆರೋಗ್ಯ ವಿಮೆ ಎಲ್ಲವೂ ರಾಜ್ಯಕ್ಕೆ ಅಂಟಿಕೊಂಡಿವೆ. ಬಹುತೇಕ ರಾಜ್ಯಗಳಲ್ಲಿ ಆದಾಯ ತೆರಿಗೆಯ ಒಂದು ಪಾಲು ಕೂಡ. ಹಾಗಾಗಿ ಪ್ರತಿಯೊಬ್ಬರಿಗೂ ಒಂದು ರಾಜ್ಯ ಬೇಕು, ಒಂದೇ ಬೇಕು.

ಅದನ್ನು ತೀರ್ಮಾನಿಸೋದು ಎರಡು ಅಂಶ: ಅಲ್ಲಿ ಹೋಗಿ ಇದ್ದಿರಬೇಕು, ಮತ್ತೆ ಅಲ್ಲಿಗೇ ಮರಳುವ ಉದ್ದೇಶ ಇರಬೇಕು. ಉದ್ದೇಶವನ್ನು ಅಳೆಯೋ ಮೀಟರ್ ಎಲ್ಲಿದೆ? ಅದಕ್ಕೇ ಸುತ್ತಲಿನ ಗುರುತುಗಳನ್ನು ನೋಡ್ತಾರೆ. ಲೈಸೆನ್ಸು, ನೋಂದಣಿ, ಮತ, ಬ್ಯಾಂಕು, ಉಯಿಲು, ಡಾಕ್ಟರು. ಒಂದೇ ಸೆನ್ಸರಿನ ರೀಡಿಂಗ್ ನಂಬದೆ ಹತ್ತು ಸೆನ್ಸರೂ ಒಂದೇ ಕಡೆ ತೋರಿಸ್ತಾ ಇವೆಯಾ ಅಂತ ನೋಡಿದ ಹಾಗೆ. ಹಳೇ ರಾಜ್ಯವೂ ಸುಲಭಕ್ಕೆ ಕೈಬಿಡೋಲ್ಲ. ನ್ಯೂಯಾರ್ಕಿನಲ್ಲಿ ಖಾಯಂ ಮನೆಯೊಂದನ್ನು ಇಟ್ಟುಕೊಂಡು ವರ್ಷಕ್ಕೆ 183 ದಿನಕ್ಕಿಂತ ಹೆಚ್ಚು ಅಲ್ಲೇ ಕಳೆದರೆ, ಲೈಸೆನ್ಸ್ ಎಲ್ಲಿಯದೇ ಇರಲಿ, ತೆರಿಗೆಗೆ ನೀವು ಅಲ್ಲಿಯವರೇ. ದಾರಿಯಲ್ಲಿ ಯಾವುದೋ ರಾಜ್ಯದಲ್ಲಿ ಬೀಟ್ ಕಟಾವಿಗೆ ನಿಂತು ದುಡಿದರೂ ಆ ದುಡಿಮೆಗೆ ಆ ರಾಜ್ಯ ತೆರಿಗೆ ಕೇಳಬಹುದು.

ಫುಲ್‌ಟೈಮರುಗಳು ಹೆಚ್ಚಾಗಿ ಆರಿಸೋದು ಮೂರು ರಾಜ್ಯ: ಸೌತ್ ಡಕೋಟ, ಟೆಕ್ಸಸ್, ಫ್ಲಾರಿಡಾ. ಮೂರರಲ್ಲೂ ರಾಜ್ಯದ ಆದಾಯ ತೆರಿಗೆ ಇಲ್ಲ. ಹಾಗೆ ನೋಡಿದ್ರೆ ನೆವಾಡಾ, ವಯೋಮಿಂಗಲ್ಲೂ ಇಲ್ಲ. ಈ ಮೂರರ ಹೆಚ್ಚುಗಾರಿಕೆ ಅಂದ್ರೆ ಅಂಚೆ ಪಡೆದು ನೀವಿದ್ದಲ್ಲಿಗೆ ಕಳಿಸಿಕೊಡೋ ಸಂಸ್ಥೆಗಳು ಅಲ್ಲಿ ದಶಕಗಳಿಂದ ಬೇರುಬಿಟ್ಟಿವೆ. ಟೆಕ್ಸಸ್‌ನ ಲಿವಿಂಗ್‌ಸ್ಟನ್ ಅನ್ನೋ ಪುಟ್ಟ ಊರಲ್ಲಿ, 1978ರಲ್ಲಿ ಶುರುವಾದ ಎಸ್ಕೇಪೀಸ್ ಕ್ಲಬ್ಬಿನ ಅಂಚೆ ಕೇಂದ್ರ ಇದೆ. ಎಂದೂ ಅಲ್ಲಿ ಮನೆ ಮಾಡದ ಸಾವಿರಾರು ಜನರ ಲೈಸೆನ್ಸಲ್ಲಿ ಆ ಊರ ಹೆಸರಿದೆ. ಇಂಥ ಸಂಸ್ಥೆ ನಿಮ್ಮ ಪತ್ರ ತೆಗೆದುಕೊಳ್ಳಬೇಕಾದ್ರೆ ಅಂಚೆ ಇಲಾಖೆಯ 1583ನೇ ನಂಬರಿನ ಫಾರಂ ತುಂಬಿ ಗುರುತು ದೃಢಪಡಿಸಬೇಕು.

ದುಡ್ಡಿನ ಲೆಕ್ಕ ಬೇಗ ಮುಗಿಸೋಣ. ಒಂದು ಲಕ್ಷ ಡಾಲರಿನ ಹೊಸ ಗಾಡಿ ಅಂತಿಟ್ಟುಕೊಳ್ಳಿ. ಸೌತ್ ಡಕೋಟದಲ್ಲಿ 4% ತೆರಿಗೆ, 4,000 ಡಾಲರ್. ಫ್ಲಾರಿಡಾದಲ್ಲಿ 6%, ಟೆಕ್ಸಸ್‌ನಲ್ಲಿ 6.25%. ಆದ್ರೆ ಬೇರೆ ರಾಜ್ಯದಲ್ಲಿ ಆಗಲೇ ತಮ್ಮ ಹೆಸರಲ್ಲಿರೋ ಗಾಡಿ ತಂದು ಟೆಕ್ಸಸ್‌ನಲ್ಲಿ ಹೊಸದಾಗಿ ನೆಲೆಸುವವರಿಗೆ 90 ಡಾಲರಲ್ಲಿ ಮುಗಿಯುತ್ತೆ. ಟೆಕ್ಸಸ್‌ನಲ್ಲಿ ಇನ್ನೊಂದು ತೊಡಕು: ಗಾಡಿಯ ತೂಕದ ಮಿತಿ 26,000 ಪೌಂಡ್ ದಾಟಿದ್ರೆ, ಅಂದ್ರೆ ಸುಮಾರು 11,800 ಕಿಲೋ, ಬೇರೆ ದರ್ಜೆಯ ಲೈಸೆನ್ಸ್ ಬೇಕು. ದೊಡ್ಡ ಡೀಸೆಲ್ ಮೋಟರ್‌ಹೋಮ್ ಕೊಂಡ ಅಜ್ಜಂದಿರು ಮತ್ತೆ ಟೆಸ್ಟ್ ಕೊಡಬೇಕು. ಸೌತ್ ಡಕೋಟದಲ್ಲಿ ಸಾಮಾನ್ಯ ಲೈಸೆನ್ಸೇ ಸಾಕು.

ಸೌತ್ ಡಕೋಟದ ದೊಡ್ಡ ಆಕರ್ಷಣೆ ಬೇರೆಯೇ. ಕಳೆದ ಒಂದು ವರ್ಷದೊಳಗೆ ಅಲ್ಲಿನ ಹೋಟೆಲ್ಲಲ್ಲೋ ಕ್ಯಾಂಪ್‌ಗ್ರೌಂಡಲ್ಲೋ ಒಂದೇ ಒಂದು ರಾತ್ರಿ ತಂಗಿದ ರಸೀದಿ, ಒಂದು ಪ್ರಮಾಣಪತ್ರ, ಅಂಚೆ ಸಂಸ್ಥೆಯ ವಿಳಾಸ ಇದ್ರೆ ಲೈಸೆನ್ಸ್ ಸಿಗುತ್ತೆ. ಐದು ವರ್ಷ ನಡೆಯುತ್ತೆ. ನಮ್ಮ ಆರ್‌ಟಿಒ ಬಾಗಿಲಲ್ಲಿ ನಿಂತವರಿಗೆ ಇದು ಕಟ್ಟುಕಥೆ ಥರ ಕೇಳಬಹುದು.

ಆದ್ರೆ ಒಂದು ರಾತ್ರಿಗೆ ಸಿಕ್ಕ ನಾಗರಿಕತ್ವ ಎಷ್ಟು ಗಟ್ಟಿ? ಅಲ್ಲೇ ಇದೆ ಪೆಟ್ಟು. 2023ರಲ್ಲಿ ಆ ರಾಜ್ಯ ಕಾನೂನು ತಿದ್ದಿ, ಮತಪಟ್ಟಿಗೆ ಸೇರಬೇಕಾದ್ರೆ 30 ದಿನ ರಾಜ್ಯದಲ್ಲಿ ವಾಸ ಇದ್ದಿರಬೇಕು ಅಂದಿತು. ಲೈಸೆನ್ಸಿಗೆ ಒಂದು ರಾತ್ರಿ, ಮತಕ್ಕೆ ಮೂವತ್ತು ದಿನ. 2024ರ ಜೂನ್ ಪ್ರೈಮರಿಯಲ್ಲಿ ಸೂ ಫಾಲ್ಸ್ ನಗರದ ಒಂದು ಮತಗಟ್ಟೆಯಲ್ಲಿ ಅಂಚೆ ಸಂಸ್ಥೆಯ ವಿಳಾಸ ಕೊಟ್ಟಿದ್ದ ನೂರಕ್ಕೂ ಹೆಚ್ಚು ಜನರ ಮತಗಳನ್ನು ಎಣಿಸದೆ ಪಕ್ಕಕ್ಕಿಟ್ಟರು. ಇತರರ ವಾದದಲ್ಲೂ ಹುರುಳಿದೆ: ಇಲ್ಲಿ ಬದುಕದವರು ನಮ್ಮ ಶಾಲಾ ಮಂಡಳಿಯನ್ನು ಯಾಕೆ ಆರಿಸಬೇಕು? ಆದ್ರೆ ಇಲ್ಲಿ ಬೇಡ ಅಂದ್ರೆ ಅವರು ಬೇರೆ ಎಲ್ಲಿಯೂ ಮತ ಹಾಕೋ ಹಾಗಿಲ್ಲ. ನೋಂದಣಿಯ ಹಣ ಅವರಿಂದ ಬರ್ತಾನೇ ಇರುತ್ತೆ. ನಮ್ಮ ದೇಶದಲ್ಲಿ ಹಾಸ್ಟೆಲ್ ವಿದ್ಯಾರ್ಥಿ ಊರಲ್ಲೋ, ಓದುವ ಜಾಗದಲ್ಲೋ, ಎರಡರಲ್ಲಿ ಒಂದು ಕಡೆ ಮತದಾರನಾಗಬಹುದು. ಇದು ಎಷ್ಟು ದೊಡ್ಡ ಸೌಕರ್ಯ ಅಂತ ನಮಗೆ ಹೊಳೆದದ್ದು ಈ ವಿಷಯ ಓದಿದ ಮೇಲೆ.

ನಮ್ಮನ್ನು ಕೇಳಿದ್ರೆ, ಮೊದಲು ನೋಡಬೇಕಾದ್ದು ತೆರಿಗೆಯೂ ಅಲ್ಲ, ಆರೋಗ್ಯ ವಿಮೆ. 65 ದಾಟಿದವರಿಗೆ ಕೇಂದ್ರದ ಮೂಲ ಮೆಡಿಕೇರ್ ದೇಶದುದ್ದಕ್ಕೂ ನಡೆಯುತ್ತೆ, ಅವರು ರಾಜ್ಯವನ್ನು ನಿರಾಳವಾಗಿ ಆರಿಸಬಹುದು. ಅದಕ್ಕಿಂತ ಚಿಕ್ಕವರು ಸ್ವಂತವಾಗಿ ಕೊಳ್ಳುವ ಪಾಲಿಸಿ ಜಿಪ್ ಕೋಡ್ ಮೇಲೆ ನಿಂತಿದೆ. ಬಹಳಷ್ಟು ಪಾಲಿಸಿಗಳು ಆ ಪ್ರದೇಶದ ಆಸ್ಪತ್ರೆಗಳಿಗಷ್ಟೇ ಸೀಮಿತ. ಹೊರಗೆ ತುರ್ತು ಚಿಕಿತ್ಸೆಗೆ ಮಾತ್ರ ಹಣ. ಅರಿಝೋನಾದಲ್ಲಿ ಹೃದಯಾಘಾತವಾದ್ರೆ ವಿಮೆ ಬರುತ್ತೆ, ಅಲ್ಲೇ ಸಕ್ಕರೆ ಕಾಯಿಲೆಗೆ ತಿಂಗಳು ತಿಂಗಳು ತೋರಿಸೋಕೆ ಬರೋಲ್ಲ. ತೀರಾ ಕಡಿಮೆ ಆದಾಯದವರ ಲೆಕ್ಕ ಇನ್ನೂ ಬೇರೆ. ಸೌತ್ ಡಕೋಟದ ಜನ 2022ರಲ್ಲಿ ಮತ ಹಾಕಿ ಮೆಡಿಕೇಡ್ ವಿಸ್ತರಿಸಿಕೊಂಡರು, ಟೆಕ್ಸಸ್, ಫ್ಲಾರಿಡಾ ವಿಸ್ತರಿಸಿಲ್ಲ. ವ್ಯಾನಲ್ಲಿ ಮಲಗಿ ಗೋದಾಮಲ್ಲಿ ದುಡಿಯೋ ಐವತ್ತೈದರ ಹೆಂಗಸಿಗೆ 4% ಮತ್ತು 6.25%ರ ವ್ಯತ್ಯಾಸಕ್ಕಿಂತ ಇದು ನೂರು ಪಾಲು ಮುಖ್ಯ.

ಫ್ಲಾರಿಡಾದಲ್ಲಿ ಒಂದು ಅನುಕೂಲ ಇದೆ: ಉದ್ದೇಶವನ್ನು ಬರವಣಿಗೆಯಲ್ಲೇ ದಾಖಲಿಸಬಹುದು. 'ಇದೇ ನನ್ನ ಖಾಯಂ ನೆಲೆ' ಅನ್ನೋ ಘೋಷಣೆಯನ್ನು ಕೌಂಟಿಯ ಕೋರ್ಟ್ ಕ್ಲರ್ಕ್ ಹತ್ತಿರ ನೋಂದಾಯಿಸ್ತಾರೆ. ಗಾಡಿ ವಿಮೆ ಮಾತ್ರ ಅಲ್ಲಿ ದುಬಾರಿ.

ಇನ್ನು ಸ್ಟಿಯರಿಂಗ್ ಹಿಡಿಯೋಕೆ ಆಗದ ದಿನ ಬಂದಾಗ? ಲಿವಿಂಗ್‌ಸ್ಟನ್‌ನಲ್ಲಿ ಅಂಚೆ ಕೇಂದ್ರದ ಜೊತೆಗೇ, ವಯಸ್ಸಾದ ಸದಸ್ಯರಿಗೆ ಒಂದು ಆರೈಕೆ ಕೇಂದ್ರವೂ ಇದೆ. ಗಾಡಿ ತಂದು ನಿಲ್ಲಿಸಿ ಅದರಲ್ಲೇ ಇರಬಹುದು. ಊಟ, ಬಟ್ಟೆ ಒಗೆಯೋದು, ಡಾಕ್ಟರ ಹತ್ತಿರ ಕರೆದೊಯ್ಯೋದು ಅವರದು. ವರ್ಷಗಟ್ಟಲೆ ಲೈಸೆನ್ಸಲ್ಲಿ ಮಾತ್ರ ಆ ಊರನ್ನು ಹೊತ್ತು ತಿರುಗಿದವರು ಕೆಲವರು ಈಗ ಅಲ್ಲೇ ಇದಾರೆ.