ಹಂಪಿಯ ಬಂಡೆಯ ಮೇಲೆ ಆಂಟೆನಾ ಕೆಡುವುದೇಕೆ?

ಪ್ರಶ್ನೆ: ಬಿದಿರುಗಳುವಿಗೆ ಹತ್ತೂವರೆ ಮೀಟರ್ ತಂತಿ ಕಟ್ಟಿ, ಬುಡದಲ್ಲಿ ಕಬ್ಬಿಣದ ಗೂಟ ನೆಟ್ಟು ಮಾಡಿದ ನನ್ನ 7 ಮೆಗಾಹರ್ಟ್ಸ್ ಹ್ಯಾಮ್ ಆಂಟೆನಾ ಕಂಪ್ಲಿಯ ಗದ್ದೆಯಲ್ಲಿ ಸರಿಯಾಗಿರುತ್ತದೆ, ಹಂಪಿಯ ಹಾಸುಬಂಡೆಯ ಮೇಲೆ ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಶಕ್ತಿ ಎಷ್ಟು ಹಿಂದಿರುಗುತ್ತದೆಂದು ಸೂಚಿಸುವ ಅಳತೆ) ಏರಿಬಿಡುತ್ತದೆ. ಏಕೆ? — ಓದುಗರು, ಹೊಸಪೇಟೆ

ಉತ್ತರ: ದೋಷವು ಮೇಲಣ ತಂತಿಯಲ್ಲಿಲ್ಲ, ಕೆಳಗಣ ನೆಲದಲ್ಲಿದೆ. 7 ಮೆಗಾಹರ್ಟ್ಸ್ ತರಂಗದ ದೈರ್ಘ್ಯ ಸುಮಾರು 42 ಮೀಟರ್. ಅದರ ಕಾಲುಭಾಗವಾದ ನಿಮ್ಮ ತಂತಿಯೊಳಕ್ಕೆ ಎಷ್ಟು ವಿದ್ಯುತ್ಪ್ರವಾಹ ಏರಬೇಕೋ ಅಷ್ಟೇ ಪ್ರವಾಹಕ್ಕೆ ಬುಡದಲ್ಲಿ ಆಸರೆ ದೊರೆಯಬೇಕು. ತುಂಗಭದ್ರೆಯಲ್ಲಿ ಹರಿಗೋಲಿನಿಂದ ದಡಕ್ಕೆ ನೆಗೆಯುವವನು ಕಾಲೊತ್ತಿದೊಡನೆ ಹರಿಗೋಲು ಹಿಂದಕ್ಕೆ ಸರಿದು ನೆಗೆತವು ಹೇಗೆ ವ್ಯರ್ಥವಾಗುವುದೋ, ಆಸರೆಯಿಲ್ಲದ ತಂತಿಯ ಗತಿಯೂ ಹಾಗೆಯೇ. ಕಂಪ್ಲಿಯ ತೇವದ ಮಣ್ಣು ವಿದ್ಯುದ್ವಾಹಕವಾದ್ದರಿಂದ ಆ ಆಸರೆಯನ್ನು ತಕ್ಕಮಟ್ಟಿಗೆ ಕೊಡುತ್ತದೆ. ಒಣಗಿದ ಗ್ರಾನೈಟ್ ಕೊಡಲಾರದು, ಗೂಟವೂ ಅದರೊಳಗೆ ಇಳಿಯದು. ಆಗ ಪ್ರವಾಹವು ಆಂಟೆನಾ ಕೇಬಲ್ಲಿನ ಹೊರಜಾಲರಿಯನ್ನೇ ಹಿಡಿದು ರೇಡಿಯೊವರೆಗೂ ಹರಿಯುತ್ತದೆ, ಎಸ್‌ಡಬ್ಲ್ಯುಆರ್ ಏರುತ್ತದೆ. ಕೇಬಲ್ಲನ್ನು ಮುಷ್ಟಿಯಲ್ಲಿ ಹಿಡಿದು ನೋಡಿರಿ: ಎಸ್‌ಡಬ್ಲ್ಯುಆರ್ ಮೀಟರಿನ ಮುಳ್ಳು ಅಲುಗಿದರೆ ರೋಗವು ಇದೇ. ಬೆಸುಗೆ, ಕನೆಕ್ಟರುಗಳನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿರಿ.

ಪರಿಹಾರವು ಸುಲಭ. ಹತ್ತು ಮೀಟರಿನಷ್ಟು ಉದ್ದದ ನಾಲ್ಕು ತಂತಿಗಳನ್ನು ಜಾಲರಿಯ ತುದಿಗೆ ಸೇರಿಸಿ ಬಂಡೆಯ ಮೇಲೆ ನಾಲ್ಕು ದಿಕ್ಕಿಗೆ ಹಾಸಿರಿ, ಮತ್ತು ಆಂಟೆನಾದ ಬುಡದಲ್ಲಿ ಕೇಬಲ್ಲನ್ನು ಫೆರೈಟ್ ಬಳೆಗೆ ಕೆಲವು ಸುತ್ತು ಸುತ್ತಿರಿ. ನನ್ನ ಅಭಿಪ್ರಾಯದಲ್ಲಿ ಗದ್ದೆಯಲ್ಲಿಯೂ, ಸಂಡೂರಿನ ಗುಡ್ಡಗಳ ಮೇಲೆಯೂ ಗೂಟಕ್ಕಿಂತ ಈ ತಂತಿಗಳೇ ಲೇಸು. ಆದರೆ ಹಂಪಿಯಲ್ಲಿ ಸಂರಕ್ಷಿತ ಸ್ಮಾರಕಗಳ ಕಂಬಗಳಿಗೆ ಗಳುವನ್ನಾಗಲಿ ತಂತಿಯನ್ನಾಗಲಿ ದಯವಿಟ್ಟು ಕಟ್ಟದಿರಿ.