ಕಂಪ್ಯೂಟರಿನಲ್ಲಿ ತಪ್ಪಿಹೋದ ಶಾರ್ಟ್‌ಕಟ್ ಕೀಲಿಯನ್ನು ಮರಳಿ ಪಡೆಯುವ ಬಗೆ



ಬೆಳೆ ನಷ್ಟದ ಅರ್ಜಿ, ಹಾಲಿನ ಸಂಘದ ನಡಾವಳಿ, ಮಹಿಳಾ ಗುಂಪಿನ ಠರಾವು, ಗ್ರಾಮಸಭೆಗೆ ಕೊಡುವ ಮನವಿ, ಇವುಗಳನ್ನೆಲ್ಲ ಹಿಂದೆ ಕೈಯಿಂದ ಬರೆಯುತ್ತಿದ್ದೆವು. ಈಗ ಬಹುಮಟ್ಟಿಗೆ ಕಂಪ್ಯೂಟರಿನಲ್ಲಿ ಟೈಪು ಮಾಡುತ್ತೇವೆ. ಸಂಘದ ಕಚೇರಿಯಲ್ಲಾಗಲಿ ಗ್ರಾಮ ಪಂಚಾಯತಿಯ ಗ್ರಂಥಾಲಯದಲ್ಲಾಗಲಿ ಒಂದೇ ಯಂತ್ರವನ್ನು ಹತ್ತಾರು ಮಂದಿ ಬಳಸುವುದುಂಟು. ನೇಗಿಲನ್ನು ಎರವಲು ಒಯ್ದವರು ತಮ್ಮ ಎತ್ತುಗಳಿಗೆ ತಕ್ಕಂತೆ ಕಟ್ಟು ಬದಲಿಸಿ ಹಾಗೆಯೇ ತಂದಿಟ್ಟರೆ, ಮರುದಿನ ಹೂಡುವವರಿಗೆ ಉಳುಮೆ ಸರಿಬಾರದು. ಕಂಪ್ಯೂಟರಿನಲ್ಲಿಯೂ ಹೀಗೆಯೇ ಆಗುತ್ತದೆ. ನಿನ್ನೆಯವರೆಗೆ ಕೆಲಸ ಮಾಡುತ್ತಿದ್ದ ಕೀಲಿ ಇಂದು ಕೆಲಸ ಮಾಡುವುದಿಲ್ಲ. ಇದಕ್ಕೆ ಪರಿಹಾರವೇನೆಂಬುದನ್ನು ಇಲ್ಲಿ ವಿವರಿಸಿದೆ.

ಶಾರ್ಟ್‌ಕಟ್ ಎಂದರೇನು?

ಬರಹದ ತಂತ್ರಾಂಶದ ಮೇಲುಗಡೆ ಫೈಲ್, ಇನ್ಸರ್ಟ್ ಮೊದಲಾದ ಹೆಸರುಗಳ ಸಾಲು ಇರುತ್ತದೆ. ಇದೇ ಮೆನು. ಮೌಸಿನಿಂದ ಮೆನುವನ್ನು ತೆರೆದು ಕೆಲಸ ಮಾಡುವುದು ಬಂಡಿದಾರಿಯಲ್ಲಿ ಹೋದಂತೆ. ಶಾರ್ಟ್‌ಕಟ್ ಎಂಬುದು ಹೊಲದ ಬದುವಿನ ಮೇಲಿನ ಕಾಲುದಾರಿ. ಆಲ್ಟ್ ಕೀಲಿಯನ್ನು ಹಿಡಿದು ಎಫ್ ಒತ್ತಿದರೆ ಫೈಲ್ ಮೆನು ತೆರೆಯುತ್ತದೆ. ಕಂಟ್ರೋಲ್ ಹಿಡಿದು ಎಸ್ ಒತ್ತಿದರೆ ಬರೆದದ್ದು ಉಳಿಯುತ್ತದೆ. ಕಂಟ್ರೋಲ್ ಹಿಡಿದು ಎಚ್ ಒತ್ತಿದರೆ ಒಂದು ಪದವನ್ನು ಹುಡುಕಿ ಎಲ್ಲ ಕಡೆಯೂ ಬದಲಿಸಬಹುದು.

ಈ ಕೊನೆಯ ಕೀಲಿಯ ಬೆಲೆ ನಮ್ಮ ಭಾಗದವರಿಗೆ ಚೆನ್ನಾಗಿ ತಿಳಿದಿದೆ. ಹರಪನಹಳ್ಳಿ ತಾಲ್ಲೂಕು ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ೨೦೧೮ರಲ್ಲಿ ಬಳ್ಳಾರಿಗೆ ಮರಳಿತು. ೨೦೨೧ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳೆಲ್ಲ ಹೊಸ ವಿಜಯನಗರ ಜಿಲ್ಲೆಗೆ ಸೇರಿದವು. ಹಳೆಯ ಅರ್ಜಿಯ ನಮೂನೆಯಲ್ಲಿ ಹತ್ತು ಕಡೆ ಇರುವ ಜಿಲ್ಲೆಯ ಹೆಸರನ್ನು ಒಂದೊಂದಾಗಿ ತಿದ್ದುವುದಕ್ಕಿಂತ, ಒಂದೇ ಸಲ ಬದಲಿಸುವುದು ಲೇಸು.

ತಪ್ಪಿಹೋದರೆ ನಷ್ಟವೇನು?

ಮೌಸ್ ಇದ್ದರೆ ಸಾಲದೇ ಎಂದು ಕೆಲವರು ಕೇಳಬಹುದು. ವಿದ್ಯುತ್ತು ಹೋಗಿ, ಯು.ಪಿ.ಎಸ್. ಕೂಗಿಕೊಳ್ಳುತ್ತಿರುವಾಗ ಎರಡು ಕೀಲಿ ಒತ್ತಿ ಬರಹವನ್ನು ಉಳಿಸುವುದೇ ಕ್ಷೇಮ. ಮೌಸ್ ಕೆಟ್ಟ ದಿನವೇ ಅರ್ಜಿಯ ಕೊನೆಯ ದಿನವಾಗಿರಲೂಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಕಣ್ಣು ಕಾಣದ ಯುವಕ ಯುವತಿಯರು ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶದ ನೆರವಿನಿಂದ ಕಂಪ್ಯೂಟರ್ ಬಳಸುತ್ತಾರೆ. ಇಂತಹ ತಂತ್ರಾಂಶಗಳಲ್ಲಿ ಎನ್.ವಿ.ಡಿ.ಎ. ಎಂಬುದು ಉಚಿತವಾಗಿ ದೊರೆಯುತ್ತದೆ. ಆಸ್ಟ್ರೇಲಿಯಾದ ಅಂಧರೊಬ್ಬರು ಅದನ್ನು ೨೦೦೬ರಲ್ಲಿ ಆರಂಭಿಸಿದರು. ಮೌಸಿನ ಬಾಣ ಕಾಣದವರಿಗೆ ಕೀಲಿಯೇ ದಾರಿ. ನಮಗೆ ಕಾಲುದಾರಿಯಾದದ್ದು ಅವರಿಗೆ ಇರುವ ಒಂದೇ ರಸ್ತೆ. ಆದುದರಿಂದ ಕೆಟ್ಟ ಕೀಲಿಯನ್ನು ಹಾಗೆಯೇ ಬಿಡಬಾರದು.

ಮೊದಲು ಪರೀಕ್ಷಿಸಬೇಕಾದ ಸಂಗತಿಗಳು

ರೋಗ ತಿಳಿಯದೆ ಔಷಧ ಹೊಡೆಯಬಾರದು. ಕೀಲಿ ನಿಜವಾಗಿಯೂ ತಪ್ಪಿದೆಯೇ ಎಂಬುದನ್ನು ಹೀಗೆ ನೋಡಿರಿ.

೧. ಕೀಲಿಮಣೆ ಕನ್ನಡದಲ್ಲಿದೆಯೋ ಇಂಗ್ಲಿಷಿನಲ್ಲಿದೆಯೋ ನೋಡಿರಿ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದಲ್ಲಿ ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸದ ಆಧಾರವಿದೆ. ಅದರಲ್ಲಿ ಎಫ್ ಕೀಲಿಯು ಒತ್ತಕ್ಷರ ಮೂಡಿಸುವ ಕೀಲಿ. ಒಂದೇ ಕೀಲಿಗೆ ಎರಡು ಕೆಲಸವಿರುವುದರಿಂದ, ಮೊದಲು ಇಂಗ್ಲಿಷಿಗೆ ಬದಲಿಸಿ ಶಾರ್ಟ್‌ಕಟ್ಟನ್ನು ಒತ್ತಿ ನೋಡಬೇಕು.

೨. ಬೇರೆ ತಂತ್ರಾಂಶವು ಆ ಕೀಲಿಯನ್ನು ಹಿಡಿದುಕೊಂಡಿದೆಯೇ ನೋಡಿರಿ. ಬರಹ ತಂತ್ರಾಂಶದಲ್ಲಿ ಕನ್ನಡ ಇಂಗ್ಲಿಷುಗಳ ನಡುವೆ ಬದಲಿಸಲು ಎಫ್ ೧೧ ಕೀಲಿಯನ್ನು ಇಟ್ಟಿದ್ದಾರೆ. ಲಿಬ್ರೆ ಆಫೀಸಿನ ರೈಟರಿನಲ್ಲಿ ಅದೇ ಎಫ್ ೧೧ ಶೈಲಿಗಳ ಪಟ್ಟಿಯನ್ನು ತೆರೆಯುವ ಕೀಲಿ. ಒಂದು ಕಾಲುವೆಗೆ ಇಬ್ಬರು ಮಡೆ ಕಟ್ಟಿದಂತಾಗಿ, ಒಬ್ಬರಿಗೆ ನೀರಿಲ್ಲ. ಬರಹವನ್ನು ಮುಚ್ಚಿ ಪರೀಕ್ಷಿಸಿರಿ.

೩. ಲ್ಯಾಪ್‌ಟಾಪ್ ಆಗಿದ್ದರೆ, ಮೇಲಿನ ಸಾಲಿನ ಎಫ್ ೧ರಿಂದ ಎಫ್ ೧೨ರವರೆಗಿನ ಕೀಲಿಗಳು ಬೆಳಕು, ಧ್ವನಿಗಳನ್ನು ಹೆಚ್ಚು ಕಡಿಮೆ ಮಾಡುವ ಕೆಲಸಕ್ಕೆ ತಿರುಗಿರಬಹುದು. ಎಫ್.ಎನ್. ಎಂಬ ಕೀಲಿಯನ್ನು ಹಿಡಿದು ಒತ್ತಿ ನೋಡಿರಿ.

೪. ಆ ಕೀಲಿಯಿಂದ ಮಾಮೂಲು ಅಕ್ಷರ ಮೂಡುವುದೇ ನೋಡಿರಿ. ಮೂಡದಿದ್ದರೆ ದೂಳು ಕೂತಿರಬಹುದು, ಇಲ್ಲವೇ ಕೀಲಿಮಣೆಯೇ ಕೆಟ್ಟಿರಬಹುದು. ಆಗ ತಂತ್ರಾಂಶವನ್ನು ತಿದ್ದಿ ಪ್ರಯೋಜನವಿಲ್ಲ.

ವರ್ಡ್ ತಂತ್ರಾಂಶದಲ್ಲಿ ಸರಿಪಡಿಸುವ ಕ್ರಮ

ವರ್ಡಿನಲ್ಲಿ ಯಾರು ಬೇಕಾದರೂ ಕೀಲಿಗೆ ಹೊಸ ಕೆಲಸ ಹಚ್ಚಬಹುದು. ರೂಪಾಯಿಯ ಚಿಹ್ನೆಯನ್ನು ಬೇಗ ಮೂಡಿಸಬೇಕೆಂದು ಒಬ್ಬರು ಆಲ್ಟ್ ಮತ್ತು ಎಫ್ ಕೀಲಿಗಳನ್ನು ಅದಕ್ಕೆ ಗೊತ್ತುಮಾಡಿದರೆ, ಅಂದಿನಿಂದ ಫೈಲ್ ಮೆನು ತೆರೆಯುವ ಬದಲು ಆ ಚಿಹ್ನೆ ಮೂಡುತ್ತದೆ. ಹಚ್ಚಿದವರಿಗೆ ಅನುಕೂಲ, ಉಳಿದವರಿಗೆ ತೊಂದರೆ. ಸರಿಪಡಿಸಲು ಈ ಕ್ರಮವನ್ನು ಅನುಸರಿಸಿರಿ.

೧. ಫೈಲ್ ತೆರೆದು, ಆಪ್ಷನ್ಸ್, ಅದರೊಳಗೆ ಕಸ್ಟಮೈಜ್ ರಿಬ್ಬನ್ ಎಂಬುದಕ್ಕೆ ಹೋಗಿರಿ. ಕೆಳಗಡೆ ಕೀಬೋರ್ಡ್ ಶಾರ್ಟ್‌ಕಟ್ಸ್ ಎಂಬುದರ ಪಕ್ಕದ ಕಸ್ಟಮೈಜ್ ಗುಂಡಿಯನ್ನು ಒತ್ತಿರಿ.

೨. ಪ್ರೆಸ್ ನ್ಯೂ ಶಾರ್ಟ್‌ಕಟ್ ಕೀ ಎಂಬ ಮನೆಯೊಳಗೆ ಕ್ಲಿಕ್ ಮಾಡಿ, ತಪ್ಪಿಹೋದ ಕೀಲಿಗಳನ್ನು ಒತ್ತಿರಿ. ಅದು ಈಗ ಯಾವ ಕೆಲಸಕ್ಕೆ ಹೋಗಿದೆ ಎಂಬುದು ಕೆಳಗೇ ಕಾಣುತ್ತದೆ.

೩. ಆ ಕೆಲಸವನ್ನು ಪಟ್ಟಿಯಲ್ಲಿ ಆರಿಸಿ, ಕರೆಂಟ್ ಕೀಸ್ ಎಂಬಲ್ಲಿ ತಪ್ಪಾಗಿ ಸೇರಿದ ಕೀಲಿಯನ್ನು ಗುರುತಿಸಿ, ರಿಮೂವ್ ಒತ್ತಿರಿ. ಚಿಹ್ನೆಗೆ ಹಚ್ಚಿದ್ದರೆ ಇನ್ಸರ್ಟ್, ಸಿಂಬಲ್, ಮೋರ್ ಸಿಂಬಲ್ಸ್ ಎಂಬ ದಾರಿಯಲ್ಲಿ ಆ ಚಿಹ್ನೆಯನ್ನು ಆರಿಸಿ, ಶಾರ್ಟ್‌ಕಟ್ ಕೀ ಗುಂಡಿಯನ್ನು ಒತ್ತಿದರೆ ಇದೇ ಕಿಟಕಿ ತೆರೆಯುತ್ತದೆ.

೪. ಮುಚ್ಚಿ ಪರೀಕ್ಷಿಸಿರಿ. ಇನ್ನೂ ಬಾರದಿದ್ದರೆ ಕೆಲಸಕ್ಕೆ ಕೀಲಿಯನ್ನು ಮತ್ತೆ ಹಚ್ಚಬೇಕು. ಉದಾಹರಣೆಗೆ, ಉಳಿಸುವ ಕೀಲಿ ತಪ್ಪಿದ್ದರೆ ಆಲ್ ಕಮ್ಯಾಂಡ್ಸ್ ಎಂಬ ವರ್ಗದಲ್ಲಿ ಫೈಲ್‌ಸೇವ್ ಆರಿಸಿ, ಕಂಟ್ರೋಲ್ ಮತ್ತು ಎಸ್ ಒತ್ತಿ, ಅಸೈನ್ ಮಾಡಿರಿ.

೫. ಯಾವುದೂ ಫಲಿಸದಿದ್ದರೆ ಅದೇ ಕಿಟಕಿಯಲ್ಲಿ ರೀಸೆಟ್ ಆಲ್ ಎಂಬುದಿದೆ. ಇದರಿಂದ ಎಲ್ಲ ಕೀಲಿಗಳೂ ಮೂಲಸ್ಥಿತಿಗೆ ಬರುತ್ತವೆ. ಆದರೆ ಎಚ್ಚರ! ಕಳೆ ಕೀಳಲು ಹೋಗಿ ಪೈರನ್ನೂ ಕಿತ್ತಂತೆ, ಇತರರು ತಮ್ಮ ಅಗತ್ಯಕ್ಕೆ ಹಚ್ಚಿಕೊಂಡ ಕೀಲಿಗಳೂ ಹೋಗುತ್ತವೆ. ಅವರನ್ನು ಕೇಳಿದ ಮೇಲೆಯೇ ಇದನ್ನು ಮಾಡತಕ್ಕದ್ದು.

ಲಿಬ್ರೆ ಆಫೀಸಿನಲ್ಲಿ

ಹಣ ಕೊಡದೆ ಪಡೆಯಬಹುದಾದ ಲಿಬ್ರೆ ಆಫೀಸಿನಲ್ಲಿ ಟೂಲ್ಸ್ ಮೆನುವಿನ ಕಸ್ಟಮೈಜ್, ಅದರೊಳಗೆ ಕೀಬೋರ್ಡ್ ಎಂಬ ಪುಟಕ್ಕೆ ಹೋಗಬೇಕು. ಅಲ್ಲಿ ಲಿಬ್ರೆ ಆಫೀಸ್ ಮತ್ತು ರೈಟರ್ ಎಂಬ ಎರಡು ಆಯ್ಕೆಗಳಿವೆ. ಮೊದಲನೆಯದು ಎಲ್ಲ ವಿಭಾಗಗಳಿಗೂ ಅನ್ವಯಿಸುತ್ತದೆ, ಎರಡನೆಯದು ಬರಹಕ್ಕೆ ಮಾತ್ರ. ಎರಡರಲ್ಲೂ ಒಂದೇ ಕೀಲಿ ಇದ್ದರೆ ರೈಟರಿನದೇ ಮೇಲುಗೈ. ಆದುದರಿಂದ ಎರಡನ್ನೂ ನೋಡಬೇಕು.

ಇದೇ ಪುಟದಲ್ಲಿ ಸೇವ್ ಮತ್ತು ಲೋಡ್ ಎಂಬ ಗುಂಡಿಗಳಿವೆ. ಕೀಲಿಗಳೆಲ್ಲ ಸರಿಯಾಗಿರುವ ದಿನ ಸೇವ್ ಒತ್ತಿ ಒಂದು ಕಡತವಾಗಿ ತೆಗೆದಿಟ್ಟುಕೊಳ್ಳಿರಿ. ಮುಂದೆ ಕೆಟ್ಟಾಗ ಲೋಡ್ ಒತ್ತಿ ಅದನ್ನು ತರಬಹುದು. ಒಳ್ಳೆಯ ಬೀಜವನ್ನು ಸುಗ್ಗಿಯಲ್ಲೇ ತೆಗೆದಿಡುವವರಿಗೆ ಇದನ್ನು ಹೆಚ್ಚಾಗಿ ಹೇಳಬೇಕಾಗಿಲ್ಲ.

ಅವಸರಕ್ಕೆ ಒದಗುವ ದಾರಿಗಳು

ಸರಿಪಡಿಸಲು ಸಮಯವಿಲ್ಲದಿದ್ದರೆ ಗಾಬರಿ ಬೇಡ. ವರ್ಡಿನಲ್ಲಿ ಆಲ್ಟ್ ಕೀಲಿಯನ್ನು ಒತ್ತಿ ಬಿಡಿರಿ. ಮೆನುಗಳ ಮೇಲೆ ಅಕ್ಷರಗಳು ಮೂಡುತ್ತವೆ. ಬೇಕಾದ ಅಕ್ಷರವನ್ನು ಆಮೇಲೆ ಒತ್ತಿದರೆ ಆ ಮೆನು ತೆರೆಯುತ್ತದೆ. ಎಫ್ ೧೦ ಒತ್ತಿದರೂ ಮೆನುವಿನ ಸಾಲಿಗೆ ಹೋಗಬಹುದು. ಬಾಣದ ಕೀಲಿಗಳಿಂದ ಮುಂದುವರಿಯಿರಿ. ವರ್ಡಿನಲ್ಲಿ ಬರಹ ಉಳಿಸಲು ಶಿಫ್ಟ್ ಮತ್ತು ಎಫ್ ೧೨ ಕೂಡ ಒದಗುತ್ತದೆ.

ಸಂಘದವರು ಮಾಡಬೇಕಾದದ್ದು

ಹಲವರು ಬಳಸುವ ಯಂತ್ರದ ಪಕ್ಕದಲ್ಲಿ ಒಂದು ನೋಟುಪುಸ್ತಕವನ್ನು ತೂಗುಹಾಕಿರಿ. ಯಾರಾದರೂ ಕೀಲಿಯನ್ನು ಬದಲಿಸಿದರೆ ದಿನಾಂಕ, ಕೀಲಿ, ಹಿಂದಿನ ಕೆಲಸ, ಹೊಸ ಕೆಲಸ ಈ ನಾಲ್ಕನ್ನು ಅದರಲ್ಲಿ ಬರೆಯಲಿ. ಹೊಸ ಕೀಲಿ ಬೇಕಾದವರು ಮೊದಲೇ ಕೆಲಸವಿರುವ ಕೀಲಿಯನ್ನು ಮುಟ್ಟದೆ, ಖಾಲಿ ಇರುವ ಕೀಲಿಯನ್ನೇ ಆರಿಸಲಿ. ಪರದೆ ಕಾಣದೆ ಕೀಲಿಯಿಂದಲೇ ಕೆಲಸ ಮಾಡುವವರು ಊರಿನಲ್ಲಿದ್ದರೆ, ಯಾವ ಬದಲಾವಣೆಯನ್ನೂ ಅವರಿಗೆ ತಿಳಿಸದೆ ಮಾಡಬಾರದು. ಮುಂದಿನ ಮಾಸಿಕ ಸಭೆಯಲ್ಲಿ ಈ ವಿಷಯವನ್ನು ಚರ್ಚಿಸಿ, ನೋಟುಪುಸ್ತಕದ ಹೊಣೆಯನ್ನು ಒಬ್ಬರಿಗೆ ವಹಿಸಿಕೊಡಿರಿ.