ನೆರೆಯವರ ಮಾತನ್ನು ನಂಬುವ ಯಂತ್ರಗಳು



ನಾಡಿ ನೋಡುವ ವೈದ್ಯನಿಗೆ ಗಣಕಜಾಲದ ಉಸಾಬರಿ ಏಕೆಂದು ತಾವು ಕೇಳಬಹುದು. ನಮ್ಮ ಚಿಕಿತ್ಸಾಲಯವನ್ನೂ ಪ್ರಯೋಗಾಲಯವನ್ನೂ ಜೋಡಿಸುವ ಜಾಲ ಒಮ್ಮೆ ಕೈಕೊಟ್ಟು, ರೋಗಿಯೊಬ್ಬರ ರಕ್ತಪರೀಕ್ಷೆಯ ವರದಿಗಾಗಿ ಅರ್ಧ ದಿನ ಕಾಯಬೇಕಾಯಿತು. ಅಂದಿನಿಂದ ಈ ವಿಷಯವನ್ನು ಓದತೊಡಗಿದೆ.

ಜಾಲದ ಕವಲುಗಳಲ್ಲಿ ನಿಂತು ಮಾಹಿತಿಗೆ ದಾರಿ ತೋರುವ ಯಂತ್ರವೇ ರೌಟರ್. ಡಿಸ್ಟೆನ್ಸ್ ವೆಕ್ಟರ್ ಪದ್ಧತಿಯಲ್ಲಿ ಯಾವ ರೌಟರಿಗೂ ಇಡೀ ಜಾಲದ ನಕ್ಷೆ ತಿಳಿಯದು. ಪಕ್ಕದ ರೌಟರ್ ‘ಆ ಜಾಲ ನನಗೆ ಎರಡು ಹೆಜ್ಜೆ’ ಎಂದರೆ, ಇದು ಒಂದನ್ನು ಕೂಡಿಸಿ ‘ನನಗೆ ಮೂರು’ ಎಂದು ಬರೆದುಕೊಳ್ಳುತ್ತದೆ. ಈ ಲೆಕ್ಕದ ಮೂಲ 1950ರ ದಶಕದಲ್ಲಿ ರಿಚರ್ಡ್ ಬೆಲ್‌ಮನ್ ಮತ್ತು ಲೆಸ್ಟರ್ ಫೋರ್ಡ್ ರೂಪಿಸಿದ ಗಣಿತ. ಅದನ್ನು ಆಧರಿಸಿದ ‘ರಿಪ್’ ನಿಯಮಾವಳಿ 1988ರಲ್ಲಿ ಲಿಖಿತ ರೂಪ ಪಡೆಯಿತು. ರೌಟರುಗಳು 30 ಸೆಕೆಂಡಿಗೊಮ್ಮೆ ತಮ್ಮ ಪಟ್ಟಿಯನ್ನು ನೆರೆಯವರಿಗೆ ಒಪ್ಪಿಸುತ್ತವೆ. 180 ಸೆಕೆಂಡು ಸುದ್ದಿ ಬಾರದಿದ್ದರೆ ಆ ದಾರಿ ಮುಚ್ಚಿತೆಂದು ಭಾವಿಸುತ್ತವೆ.

ಅಪಾಯವೂ ಇಲ್ಲಿಯೇ ಇದೆ. ಪ್ರಯೋಗಾಲಯದ ತಂತಿ ಕಡಿಯಿತೆನ್ನಿ. ಅದರ ರೌಟರಿಗೆ ಪಕ್ಕದ್ದು ‘ನನಗೆ ಎರಡೇ ಹೆಜ್ಜೆ’ ಎನ್ನುತ್ತದೆ. ಆ ಹಳೆಯ ಸುದ್ದಿ ಮೊದಲು ಹೊರಟದ್ದು ತನ್ನಿಂದಲೇ ಎಂಬುದನ್ನರಿಯದೆ, ಇದು ‘ನನಗೆ ಮೂರು’ ಎನ್ನುತ್ತದೆ. ಅದು ‘ನಾಲ್ಕು’ ಎನ್ನುತ್ತದೆ. ಹೀಗೆ ಸತ್ತ ದಾರಿ ಬಾಯಿಮಾತಿನಲ್ಲಿ ಬದುಕಿರುತ್ತದೆ. ಇದಕ್ಕೆ ಮದ್ದು ಎರಡು. ಮೊದಲನೆಯದು, 16 ಹೆಜ್ಜೆಯೆಂದರೆ ದಾರಿಯೇ ಇಲ್ಲವೆಂದು ತಿಳಿಯುವುದು. ಎರಡನೆಯದು ‘ಸ್ಪ್ಲಿಟ್ ಹೊರೈಜ಼ನ್’: ಯಾರಿಂದ ಕೇಳಿದೆಯೋ ಅವರಿಗೇ ಅದನ್ನು ಮರಳಿ ಹೇಳದಿರುವುದು.

ಸಿಸ್ಕೋ ರೌಟರಿನಲ್ಲಿ ಇದನ್ನು ಅಳವಡಿಸಲು ಕೆಲವೇ ಸಾಲು ಸಾಕು. ‘ರೌಟರ್ ರಿಪ್’ ಎಂದು ಆರಂಭಿಸಿ, ‘ವರ್ಷನ್ 2’ ಎಂದೂ ‘ನೋ ಆಟೋ ಸಮ್ಮರಿ’ ಎಂದೂ ಬರೆಯಬೇಕು. ಬಳಿಕ ‘ನೆಟ್‌ವರ್ಕ್’ ಎಂಬ ಪದದೊಡನೆ, ಆ ರೌಟರಿಗೆ ನೇರವಾಗಿ ಹೊಂದಿಕೊಂಡ ಪ್ರತಿಯೊಂದು ಜಾಲದ ಸಂಖ್ಯೆಯನ್ನು, ಉದಾಹರಣೆಗೆ 192.168.1.0 ಎಂದು, ನಮೂದಿಸಬೇಕು. ದೂರದ ಜಾಲಗಳನ್ನು ಬರೆಯಬೇಕಿಲ್ಲ. ಅವು ನೆರೆಯವರ ಮೂಲಕ ತಾವಾಗಿ ತಿಳಿಯುತ್ತವೆ. ನಮ್ಮಲ್ಲಿ ಬಿಟ್ಟುಹೋಗಿದ್ದುದು ಇಂಥದೇ ಒಂದು ಸಾಲು. ಯಂತ್ರ ಸರಿಯಿತ್ತು, ತಂತಿಯೂ ಸರಿಯಿತ್ತು; ಪ್ರಯೋಗಾಲಯವೊಂದು ಇದೆಯೆಂದು ಹೊಸ ರೌಟರ್ ಯಾರಿಗೂ ಹೇಳಿರಲಿಲ್ಲ!

ಇಂದು ದೊಡ್ಡ ಜಾಲಗಳು ಇಡೀ ನಕ್ಷೆಯನ್ನೇ ಹಂಚಿಕೊಳ್ಳುವ ಬೇರೆ ಪದ್ಧತಿಗಳನ್ನು ಬಳಸುತ್ತವೆ. ಆದರೂ ರಿಪ್ ಕಲಿಸುವ ಪಾಠ ನಮಗೂ ಸಲ್ಲುತ್ತದೆ. ಊರಿನಲ್ಲಿರುವ ತಾಯಿಯ ಕಾಯಿಲೆಯ ಸುದ್ದಿ ಮೂರು ಬಾಯಿ ದಾಟಿ ನಮ್ಮನ್ನು ಮುಟ್ಟಿದಾಗ, ಗಾಬರಿಯಾಗುವ ಮುನ್ನ, ಆಕೆಯನ್ನು ಕಣ್ಣಾರೆ ಕಂಡವರು ಯಾರೆಂದು ಕೇಳೋಣ.